ಕಿಡ್ನಿ ಮೇಲಿನ ಗ್ರಂಥಿ, ನಮ್ಮ ಬ್ಯಾಗಿನ ಮಾತ್ರೆ

ರಜೆ ಮುಗಿಸಿ ಗಲ್ಫ್‌ಗೆ ವಾಪಸ್ ಬರುವಾಗ ನಮ್ಮ ಬ್ಯಾಗಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆ ಮಾತ್ರೆಗಳೂ ಇರುತ್ತವೆ. ಮಂಡಿನೋವು, ಉಬ್ಬಸ, ಚರ್ಮದ ಕಾಯಿಲೆಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಸ್ಟೀರಾಯ್ಡ್. ಅವು ಖಾಲಿಯಾದರೆ "ಮುಂದಿನ ಸಲ ಊರಿಗೆ ಹೋದಾಗ ತಂದರಾಯ್ತು" ಅಂತ ನಿಲ್ಲಿಸಿಬಿಡುವವರು ನಮ್ಮಲ್ಲಿದ್ದಾರೆ. ಇದು ಯಾಕೆ ಅಪಾಯ ಅಂತ ತಿಳಿಯೋದಕ್ಕೆ ಅಡ್ರಿನಲ್ ಗ್ರಂಥಿಗಳ ಕೆಲಸ ಗೊತ್ತಿರಬೇಕು.

ಎರಡೂ ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಒಂದರ ತೂಕ ಸುಮಾರು 4-5 ಗ್ರಾಂ ಅಷ್ಟೆ. ಅದರ ಒಳಭಾಗದಲ್ಲಿ ಅಡ್ರಿನಲಿನ್ ತಯಾರಾಗುತ್ತದೆ. ಗಾಬರಿಯಾದಾಗ ಎದೆ ಡವಡವ ಅನ್ನೋದು ಇದರಿಂದಲೇ. ಹೊರಪದರದ ಆಲ್ಡೋಸ್ಟೀರೋನ್ ಮೈಯಲ್ಲಿ ಉಪ್ಪು, ನೀರನ್ನು ಉಳಿಸುತ್ತದೆ. ಅಲ್ಲೇ ತಯಾರಾಗುವ ಕಾರ್ಟಿಸೋಲ್ ಬಿ.ಪಿ., ರಕ್ತದ ಸಕ್ಕರೆ ಕುಸಿಯದ ಹಾಗೆ ಕಾಯುತ್ತದೆ. ಜ್ವರ, ಗಾಯ, ಆಪರೇಷನ್ ಸಮಯದಲ್ಲಿ ಮೈಗೆ ಇದು ಹೆಚ್ಚು ಬೇಕು.

ನಾವು ವೈದ್ಯರಲ್ಲ, ಲೆಕ್ಕ ಬರೆಯೋರು. ನಮ್ಮ ಭಾಷೆಯಲ್ಲೇ ಹೇಳೋದಾದರೆ, ಸ್ಟೀರಾಯ್ಡ್ ಮಾತ್ರೆ ಅಂದರೆ ಹೊರಗಿನಿಂದ ಕಾರ್ಟಿಸೋಲ್ ಖಾತೆಗೆ ಬೀಳುವ ಜಮಾ. ದಿನಾ ಜಮಾ ಆಗ್ತಾ ಇದ್ದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, "ಇನ್ನು ನೀನು ದುಡಿಯಬೇಕಿಲ್ಲ" ಅಂತ ಅಡ್ರಿನಲ್‌ಗೆ ಕೆಲಸ ಹೇಳೋದನ್ನೇ ಕಡಿಮೆ ಮಾಡುತ್ತದೆ. 3-4 ವಾರಕ್ಕಿಂತ ಹೆಚ್ಚು ತಿಂದರೆ ಹೀಗಾಗಬಹುದು. ಆಗ ಮಾತ್ರೆ ಥಟ್ಟನೆ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಗ್ರಂಥಿ ಚೇತರಿಸಿಕೊಳ್ಳೋಕೆ ತಿಂಗಳುಗಳೇ ಬೇಕಾಗಬಹುದು.

ವಿಪರೀತ ಸುಸ್ತು, ವಾಂತಿ, ಹೊಟ್ಟೆನೋವು, ತಲೆಸುತ್ತು, ಬಿ.ಪಿ. ಇಳಿಯೋದು ಇದರ ಲಕ್ಷಣ. ಇಲ್ಲಿನ ಬೇಸಿಗೆಯಲ್ಲಿ ಇದನ್ನು "ಬಿಸಿಲಿನ ಸುಸ್ತು" ಅಂದುಕೊಂಡು ರೂಮಿನಲ್ಲೇ ಮಲಗಿದರೆ ಜೀವಕ್ಕೇ ಕುತ್ತು.

ಹಾಗಾದರೆ ಏನು ಮಾಡೋಣ? ಮಾತ್ರೆ ಪಟ್ಟಿಯ ಮೇಲೆ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಅಂತ ಇದೆಯಾ ನೋಡಿ. ಮುಗಿಯೋ ಮೊದಲೇ ಇಲ್ಲಿನ ಡಾಕ್ಟರನ್ನು ಕಂಡು, ಎಷ್ಟು ದಿನದಿಂದ ತಿಂತಾ ಇದ್ದೀರಿ ಅಂತ ಹೇಳಿ. ನಿಲ್ಲಿಸಬೇಕಾದರೆ ಅವರು ಹಂತ ಹಂತವಾಗಿ ಇಳಿಸುತ್ತಾರೆ. ಜ್ವರ ಬಂದರೆ ಪ್ರಮಾಣ ಹೆಚ್ಚಿಸಬೇಕಾ ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ. ಡಾಕ್ಟರ ಚೀಟಿ ಪರ್ಸಿನಲ್ಲಿರಲಿ, ರೂಮಿನವರಿಗೂ ವಿಷಯ ಗೊತ್ತಿರಲಿ. ಹೆಸರಿಲ್ಲದ ನೋವಿನ ಪುಡಿ, ಗುಳಿಗೆಗಳಲ್ಲೂ ಸ್ಟೀರಾಯ್ಡ್ ಬೆರೆತಿರೋದುಂಟು. ಅವುಗಳ ಸಹವಾಸ ಬೇಡ.

ಸಂಬಳದ ತಾರೀಖು, ಇಕಾಮಾ ಮುಗಿಯೋ ತಾರೀಖು ಮರೆಯದ ನಾವು ಮಾತ್ರೆ ಮುಗಿಯೋ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳೋಣ.