ಪಂದ್ಯದ ಕುದುರೆ ಬೀದಿಗಿಳಿದಾಗ

ಪಂದ್ಯದಲ್ಲಿ ಗೆದ್ದ ಕುದುರೆಯೊಂದನ್ನು ಕೊಂಡು ತಂದು ಜಟಕಾ ಬಂಡಿಗೆ ಕಟ್ಟಿದರೆ ಏನಾದೀತು? ಓಡುವುದು ಅದಕ್ಕೆ ಕಷ್ಟವಲ್ಲ. ಓಡುವುದಕ್ಕಾಗಿಯೇ ಅದನ್ನು ಸಾಕಿ ಬೆಳೆಸಿದ್ದಾರೆ. ಅದಕ್ಕೆ ಬಾರದಿರುವ ವಿದ್ಯೆಯೆಂದರೆ ನಿಲ್ಲುವುದು. ಬೀದಿಯ ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ಅರ್ಧ ಗಂಟೆ ಸುಮ್ಮನೆ ಕಾಯುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ.

2017ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮೋಟಾರು ಪ್ರದರ್ಶನದಲ್ಲಿ ಇಂಥದೇ ಒಂದು ಸಾಹಸವನ್ನು ಸಾರಲಾಯಿತು. ಫಾರ್ಮುಲಾ ಒನ್ ಪಂದ್ಯದ ಗಾಡಿಯ ಎಂಜಿನ್ನನ್ನು, ಹೆಸರಿಗೆ ಮಾತ್ರವಲ್ಲದೆ ನಿಜವಾಗಿಯೇ, ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ಪರವಾನಗಿಯುಳ್ಳ ಕಾರಿನೊಳಗೆ ಕೂಡಿಸುವೆವೆಂದು ಮರ್ಸಿಡಿಸ್ ಸಂಸ್ಥೆಯ ಎ.ಎಂ.ಜಿ. ಶಾಖೆಯವರು ಘೋಷಿಸಿದರು. ಅದಕ್ಕೆ ಇಂದಿರುವ ಹೆಸರು ‘ಮರ್ಸಿಡಿಸ್-ಎ.ಎಂ.ಜಿ. ಒನ್’. ತಯಾರಿಸುವ ಗಾಡಿಗಳು 275 ಮಾತ್ರ. ಒಂದೊಂದರ ಬೆಲೆ ತೆರಿಗೆಯನ್ನು ಬಿಟ್ಟು 22 ಲಕ್ಷ 75 ಸಾವಿರ ಯೂರೋ. ಕೊಳ್ಳುವವರಿಗೆ ಬರವಿರಲಿಲ್ಲ. ಆದರೆ ಗಾಡಿಯ ತಯಾರಿಕೆ ಆರಂಭವಾದುದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಯಂತ್ರಶಾಸ್ತ್ರಜ್ಞರನ್ನು ಹೆಚ್ಚಾಗಿ ಕಾಡಿದ್ದು ಅದನ್ನು ಓಡಿಸುವ ಬಗೆಯಲ್ಲ, ಸಭ್ಯವಾಗಿ ನಿಲ್ಲಿಸುವ ಬಗೆ.

ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಈ ಗಾಡಿಯ ಚಿತ್ರವನ್ನು ತೋರಿಸಿ, “ಸಾರ್, ಅಷ್ಟು ಹಣ ಕೊಟ್ಟವನಿಗೆ ನಿಜವಾಗಿ ಸಿಕ್ಕುವುದೇನು?” ಎಂದು ಕೇಳಿದನು. “ವೇಗ” ಎಂದು ಹೇಳಿ ನಾವು ಅಂದಿನ ಪಾಠವನ್ನು ಮುಂದುವರಿಸಿದೆವು. ಅವಸರದ ಉತ್ತರವದು. ಸಾವಕಾಶವಾಗಿ ಕೊಡಬೇಕಾಗಿದ್ದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಪ್ರಯತ್ನಿಸಿದ್ದೇವೆ.

ಸಾವಿರ ಕುದುರೆಗಳ ಲೆಕ್ಕ

ಮೊದಲು ಗಾಡಿಯ ಶಕ್ತಿಯನ್ನು ಕೂಡಿ ನೋಡೋಣ. ಆಸನದ ಹಿಂದೆ ಆರು ಸಿಲಿಂಡರುಗಳ, 1.6 ಲೀಟರು ಗಾತ್ರದ ಪೆಟ್ರೋಲ್ ಎಂಜಿನ್ನು ಇದೆ. ಅದರ ಸಾಮರ್ಥ್ಯ 422 ಕಿಲೋವ್ಯಾಟ್. ಎಂಜಿನ್ನಿನ ದಂಡಕ್ಕೆ ಜೋಡಿಸಿದ ವಿದ್ಯುತ್ ಮೋಟಾರಿನದು 120; ಮುಂದಿನ ಎರಡು ಚಕ್ರಗಳಿಗೆ ಒಂದೊಂದರಂತೆ ಇರುವ ಮೋಟಾರುಗಳವು ತಲಾ 120. ಒಟ್ಟು 782 ಕಿಲೋವ್ಯಾಟ್. ಹಳೆಯ ರೂಢಿಯಲ್ಲಿ ಹೇಳುವುದಾದರೆ 1,063 ಅಶ್ವಶಕ್ತಿ. ಪೆಟ್ರೋಲು ಮತ್ತು ವಿದ್ಯುತ್ತು ಎರಡೂ ಸೇರಿ ಎಳೆಯುವ ಇಂಥ ಗಾಡಿಯನ್ನು ಹೈಬ್ರಿಡ್, ಅಂದರೆ ಮಿಶ್ರಚಾಲಿತ ವಾಹನ, ಎನ್ನುತ್ತಾರೆ.

ಇಷ್ಟೇ ಗಾತ್ರದ ಮನೆಬಳಕೆಯ ಕಾರಿನ ಎಂಜಿನ್ನು ನೂರರ ಆಸುಪಾಸಿನ ಅಶ್ವಶಕ್ತಿಯನ್ನು ಕೊಡುತ್ತದೆ. ಈ ಎಂಜಿನ್ನು ಒಂದೇ 574 ಅಶ್ವಶಕ್ತಿಯನ್ನು ಕೊಡುತ್ತದೆ. ಇದು ಹೇಗೆ ಸಾಧ್ಯ? ಶಕ್ತಿಯೆಂದರೆ ಒಂದು ಸ್ಫೋಟದಿಂದ ದೊರೆಯುವ ಕೆಲಸವನ್ನು ಸೆಕೆಂಡಿಗೆ ಆಗುವ ಸ್ಫೋಟಗಳ ಸಂಖ್ಯೆಯಿಂದ ಗುಣಿಸಿದ ಮೊತ್ತ. ಆದುದರಿಂದ ದಾರಿಗಳು ಎರಡೇ: ಎಂಜಿನ್ನನ್ನು ಹೆಚ್ಚು ಬೇಗ ತಿರುಗಿಸಬೇಕು, ಇಲ್ಲವೆ ಪ್ರತಿ ಸಲವೂ ಸಿಲಿಂಡರಿನೊಳಗೆ ಹೆಚ್ಚು ಗಾಳಿಯನ್ನು ತುಂಬಿ ಹೆಚ್ಚು ಪೆಟ್ರೋಲನ್ನು ಉರಿಸಬೇಕು. ಇಲ್ಲಿ ಎರಡನ್ನೂ ಮಾಡಿದ್ದಾರೆ.

ಬೇಗ ತಿರುಗಿಸುವುದಕ್ಕೆ ಪ್ರಕೃತಿಯೇ ಒಂದು ಮಿತಿಯನ್ನು ಹಾಕಿದೆ. ಈ ಎಂಜಿನ್ನು ನಿಮಿಷಕ್ಕೆ 11,000 ಸುತ್ತು ತಿರುಗಬಲ್ಲದು. ಆಗ ಪ್ರತಿಯೊಂದು ಪಿಸ್ಟನ್ನೂ ಸುಮಾರು 5 ಸೆಂಟಿಮೀಟರಿನ ದಾರಿಯಲ್ಲಿ ಸೆಕೆಂಡಿಗೆ 183 ಸಲ ಹೋಗಿ ಬರುತ್ತದೆ. ದಾರಿಯ ಕೊನೆಯಲ್ಲಿ ಅದು ನಿಂತು ಹಿಂದಿರುಗುವಾಗಿನ ವೇಗೋತ್ಕರ್ಷ ಭೂಮಿಯ ಗುರುತ್ವದ ಮೂರು ಸಾವಿರ ಪಟ್ಟಿಗೂ ಹೆಚ್ಚು. ನೂರು ಗ್ರಾಂ ತೂಕದ ತುಣುಕು ಆ ಗಳಿಗೆಯಲ್ಲಿ ಮುನ್ನೂರು ಕಿಲೋಗ್ರಾಂ ಭಾರದಂತೆ ಎಳೆಯುತ್ತದೆ. ಈ ಎಳೆತ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪಂದ್ಯದ ನಿಯಮ 15,000 ಸುತ್ತುಗಳವರೆಗೆ ಅನುಮತಿಸಿತ್ತು. ಬೀದಿಯ ಗಾಡಿಗೆ ಅದನ್ನು 11,000ಕ್ಕೆ ಇಳಿಸಿದರು. ಸುತ್ತು ತಗ್ಗಿದ್ದು ಕಾಲು ಭಾಗದಷ್ಟು. ಲೋಹದ ಮೇಲಿನ ಎಳೆತ ತಗ್ಗಿದ್ದು ಹೆಚ್ಚುಕಡಿಮೆ ಅರ್ಧದಷ್ಟು. ಎಂಜಿನ್ನಿನ ಆಯುಸ್ಸನ್ನು ಹೆಚ್ಚಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಹೊಗೆಯೊಡನೆ ಹೋಗುವ ಧನ

ಇನ್ನು ಗಾಳಿಯನ್ನು ತುಂಬುವ ಮಾತು. ಪೆಟ್ರೋಲನ್ನು ಉರಿಸಿ ಪಡೆದ ಉಷ್ಣದಲ್ಲಿ ಸುಮಾರು ಮೂರನೆಯ ಒಂದು ಪಾಲು ಸಾಮಾನ್ಯ ಗಾಡಿಯಲ್ಲಿ ಹೊಗೆಯೊಡನೆ ಹೊರಟುಹೋಗುತ್ತದೆ. ಆ ಬಿಸಿ ಹೊಗೆಯ ದಾರಿಗೆ ಒಂದು ಗಾಳಿಚಕ್ರವನ್ನು ಅಡ್ಡವಿಟ್ಟರೆ ಅದು ತಿರುಗುತ್ತದೆ. ಅದರ ದಂಡಕ್ಕೆ ಇನ್ನೊಂದು ಚಕ್ರವನ್ನು ಕಟ್ಟಿದರೆ ಅದು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ನೂಕುತ್ತದೆ. ಇದೇ ಟರ್ಬೊ. ಉಪಾಯ ಹಳೆಯದು, ಅದರ ದೋಷವೂ ಹಳೆಯದು. ಚಾಲಕನು ಪೆಡಲನ್ನು ತುಳಿದೊಡನೆ ಹೊಗೆ ಸಾಕಷ್ಟು ಹುಟ್ಟುವುದಿಲ್ಲ. ಹೊಗೆ ಹುಟ್ಟುವವರೆಗೆ ಚಕ್ರ ತಿರುಗುವುದಿಲ್ಲ. ಚಕ್ರ ತಿರುಗುವವರೆಗೆ ಗಾಳಿಯಿಲ್ಲ. ಹೀಗೆ ಒಂದು ಕ್ಷಣ ತಡವಾಗುತ್ತದೆ.

2014ರಲ್ಲಿ ಫಾರ್ಮುಲಾ ಒನ್ ಪಂದ್ಯದ ನಿಯಮಗಳು ಬದಲಾದಾಗ ಈ ದೋಷಕ್ಕೆ ಒಂದು ಸೊಗಸಾದ ಪರಿಹಾರ ಬಳಕೆಗೆ ಬಂದಿತು. ಎಂಜಿನ್ನಿಗೆ ಗಂಟೆಗೆ 100 ಕಿಲೋಗ್ರಾಂಗಿಂತ ಹೆಚ್ಚು ಇಂಧನ ಹರಿಯಕೂಡದೆಂದು ಆ ನಿಯಮ ವಿಧಿಸಿತು. ಇಂಧನ ಇಷ್ಟೇ ಎಂದಾದ ಮೇಲೆ ಗೆಲ್ಲುವವನು ಹೆಚ್ಚು ಉರಿಸಿದವನಲ್ಲ, ಕಡಿಮೆ ಚೆಲ್ಲಿದವನು. ಆದುದರಿಂದ ಟರ್ಬೊ ದಂಡದ ಮೇಲೆಯೇ ಒಂದು ವಿದ್ಯುತ್ ಮೋಟಾರನ್ನು ಕೂಡಿಸಿದರು. ಪೆಡಲ್ ತುಳಿದೊಡನೆ ಮೋಟಾರು ಚಕ್ರವನ್ನು ತಿರುಗಿಸುತ್ತದೆ, ಹೊಗೆಗಾಗಿ ಕಾಯಬೇಕಾಗಿಲ್ಲ. ಹೊಗೆ ಬೇಕಾದುದಕ್ಕಿಂತ ಹೆಚ್ಚಾದಾಗ ಅದೇ ಮೋಟಾರು ಡೈನಮೊ ಆಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಎ.ಎಂ.ಜಿ. ಒನ್ ಗಾಡಿಯಲ್ಲಿಯೂ ಇದೇ ಏರ್ಪಾಡು ಇದೆ. ಆ ಮೋಟಾರಿನ ಸಾಮರ್ಥ್ಯ 90 ಕಿಲೋವ್ಯಾಟ್. ದಂಡ ತಿರುಗುವುದು ನಿಮಿಷಕ್ಕೆ 1,00,000 ಸುತ್ತಿನವರೆಗೆ. ಮೇಲಿನ ಕೂಡಿಕೆಯಲ್ಲಿ ಈ 90ನ್ನು ನಾವು ಸೇರಿಸಲಿಲ್ಲವೆಂಬುದನ್ನು ಜಾಣ ವಾಚಕರು ಗಮನಿಸಬೇಕು. ಅದು ಗಾಡಿಯ ಚಕ್ರವನ್ನು ಎಳೆಯುವುದಿಲ್ಲ, ಎಂಜಿನ್ನಿಗೆ ಉಸಿರು ಊದುತ್ತದೆ.

ಇದರಿಂದ ಉಷ್ಣಶಾಸ್ತ್ರದ ಎರಡನೆಯ ನಿಯಮವನ್ನು ಮುರಿದಂತಾಗಲಿಲ್ಲ. ಉಷ್ಣವೆಲ್ಲವನ್ನೂ ಕೆಲಸವಾಗಿ ಮಾರ್ಪಡಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದರೂ 2017ರಲ್ಲಿ ಮರ್ಸಿಡಿಸ್ ಪಂದ್ಯದ ಎಂಜಿನ್ನು ಪರೀಕ್ಷಾಗಾರದಲ್ಲಿ ಇಂಧನದ ಅರ್ಧಕ್ಕಿಂತ ಹೆಚ್ಚು ಉಷ್ಣವನ್ನು ಕೆಲಸವಾಗಿ ತಿರುಗಿಸಿತೆಂದು ಅದನ್ನು ನಿರ್ಮಿಸಿದವರು ಪ್ರಕಟಿಸಿದರು. ಪೆಟ್ರೋಲ್ ಎಂಜಿನ್ನುಗಳ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಒಂದು ಲೀಟರಿನ ಬ್ಯಾಟರಿ

ಗಾಡಿಯ ತೂಕ ಸುಮಾರು 1,700 ಕಿಲೋಗ್ರಾಂ. ಅದು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 26 ಲಕ್ಷ ಜೂಲ್. ಸಾಮಾನ್ಯ ಬ್ರೇಕು ಇಷ್ಟನ್ನೂ ಉಜ್ಜಿ ಬಿಸಿಮಾಡಿ ಗಾಳಿಗೆ ತೂರಿಬಿಡುತ್ತದೆ. ಮಿಶ್ರಚಾಲಿತ ಗಾಡಿಯಲ್ಲಿ ಮೋಟಾರುಗಳು ಡೈನಮೊಗಳಾಗಿ ತಿರುಗಿ, ಅದರ ಬಹುಪಾಲನ್ನು ವಿದ್ಯುತ್ತಾಗಿ ಬ್ಯಾಟರಿಗೆ ಮರಳಿಸುತ್ತವೆ.

ಆ ಬ್ಯಾಟರಿ ಎಷ್ಟು ದೊಡ್ಡದು? 8.4 ಕಿಲೋವ್ಯಾಟ್-ಗಂಟೆ, ಅಂದರೆ ಸುಮಾರು 3 ಕೋಟಿ ಜೂಲ್. ಒಂದು ಲೀಟರು ಪೆಟ್ರೋಲನ್ನು ಉರಿಸಿದರೆ ಬರುವ ಉಷ್ಣವೂ ಹೆಚ್ಚುಕಡಿಮೆ ಇಷ್ಟೇ! ಇಷ್ಟೊಂದು ಖರ್ಚು ಮಾಡಿದ ಬ್ಯಾಟರಿಯಲ್ಲಿ ಹಿಡಿದದ್ದು ಒಂದು ಲೀಟರಿನ ಉಷ್ಣವೇ ಎಂದು ನಗಬಾರದು. ಮೋಟಾರು ತನಗೆ ಕೊಟ್ಟುದರಲ್ಲಿ ಬಹುಭಾಗವನ್ನು ಕೆಲಸವಾಗಿಸುತ್ತದೆ, ಎಂಜಿನ್ನು ಹಾಗೆ ಮಾಡಲಾರದು. ಅಲ್ಲದೆ ಸುರಿದ ಪೆಟ್ರೋಲನ್ನು ಬ್ರೇಕಿನಿಂದ ಮರಳಿ ತುಂಬಲು ಬಾರದು. ವಿದ್ಯುತ್ತೊಂದರಿಂದಲೇ ಈ ಗಾಡಿ 18 ಕಿಲೋಮೀಟರ್ ಮಾತ್ರ ಹೋಗಬಲ್ಲದು. ಆ ಬ್ಯಾಟರಿಯಿರುವುದು ದೂರಕ್ಕಾಗಿ ಅಲ್ಲ, ಬೇಗ ಕೊಟ್ಟು ಬೇಗ ಪಡೆಯುವುದಕ್ಕಾಗಿ.

ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಎಂಬ 20.8 ಕಿಲೋಮೀಟರ್ ಉದ್ದದ ಹಾದಿಯಲ್ಲಿ ಈ ಮಾತು ಚೆನ್ನಾಗಿ ಮನದಟ್ಟಾಯಿತು. ಅಲ್ಲಿ 2022ರ ಅಕ್ಟೋಬರಿನಲ್ಲಿ ಚಾಲಕ ಮಾರೊ ಎಂಗೆಲ್ ಈ ಗಾಡಿಯನ್ನು 6 ನಿಮಿಷ 35 ಸೆಕೆಂಡುಗಳಲ್ಲಿ ಒಂದು ಸುತ್ತು ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಅವರೇ ಅದನ್ನು 6 ನಿಮಿಷ 29 ಸೆಕೆಂಡಿಗೆ ಇಳಿಸಿದರು. ಸರಾಸರಿ ವೇಗ ಗಂಟೆಗೆ 190 ಕಿಲೋಮೀಟರಿಗೂ ಮಿಗಿಲು. ಈಗ ಲೆಕ್ಕ ಮಾಡಿ ನೋಡಿ. ಮೂರು ಮೋಟಾರುಗಳೂ ಪೂರ್ಣ ಶಕ್ತಿಯಿಂದ, ಅಂದರೆ 360 ಕಿಲೋವ್ಯಾಟಿನಿಂದ, ಎಳೆದರೆ ತುಂಬಿದ ಬ್ಯಾಟರಿ ಬರಿದಾಗಲು 84 ಸೆಕೆಂಡು ಸಾಕು. ಸುತ್ತಿಗೆ ಬೇಕಾದುದು 389 ಸೆಕೆಂಡು. ಎಲ್ಲಿ ವ್ಯಯಿಸಬೇಕು, ಎಲ್ಲಿ ಬ್ರೇಕು ಹಿಡಿದು ಮರಳಿ ಗಳಿಸಬೇಕು ಎಂಬುದನ್ನು ಬಲ್ಲವನಿಗಲ್ಲದೆ ಆ ಸಮಯ ಸಿಕ್ಕದು. ಧೈರ್ಯದಷ್ಟೇ ಜಮಾಖರ್ಚಿನ ವಿದ್ಯೆಯೂ ಅಲ್ಲಿ ಬೇಕಾಯಿತು.

ನಿಲ್ಲುವ ಪಾಠ

ಈಗ ನಾವು ಮೊದಲು ಹೇಳಿದ ಕಷ್ಟಕ್ಕೆ ಬರೋಣ. ಪಂದ್ಯದ ಎಂಜಿನ್ನು ಗಾಡಿ ನಿಂತಿರುವಾಗಲೂ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತಿರುತ್ತದೆ. ಊರ ನಡುವಿನ ಕೆಂಪು ದೀಪದ ಮುಂದೆ ಇಂಥ ಆರ್ಭಟವನ್ನು ಯಾರು ಸಹಿಸುವರು? ಕಾನೂನಂತೂ ಸಹಿಸದು. ಅದನ್ನು 1,200 ಸುತ್ತಿಗೆ ಇಳಿಸಬೇಕಾಯಿತು.

ಇಳಿಸುವುದು ಸುಲಭವೆಂದು ತೋರಬಹುದು. ಕುಂಬಾರನ ಚಕ್ರವನ್ನು ನೆನೆದುಕೊಳ್ಳಿ. ಅದು ಭಾರವಾಗಿರುವುದರಿಂದ ಒಮ್ಮೆ ಕೋಲಿನಿಂದ ತಿರುಗಿಸಿದರೆ ಮಡಕೆ ಮುಗಿಯುವವರೆಗೆ ತಿರುಗುತ್ತದೆ. ಪಂದ್ಯದ ಎಂಜಿನ್ನಿನ ತಿರುಗುವ ಭಾಗಗಳನ್ನು ಬೇಕೆಂದೇ ಹಗುರ ಮಾಡಿರುತ್ತಾರೆ. ಇಲ್ಲದಿದ್ದರೆ ಅದು ಚಾಲಕನ ಪಾದಕ್ಕೆ ತಕ್ಷಣ ಓಗೊಡದು. ತಿರುಗುವ ವಸ್ತುವಿನಲ್ಲಿ ಅಡಗಿದ ಶಕ್ತಿಯೂ ಸುತ್ತುಗಳ ವರ್ಗಕ್ಕೆ ಅನುಗುಣ. 5,000ದಿಂದ 1,200ಕ್ಕೆ ಇಳಿದಾಗ ಅದು ಹದಿನೇಳರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಒಂದು ಸ್ಫೋಟ ತುಸು ಸೊರಗಿದರೂ ಮುಂದಿನ ಸ್ಫೋಟದವರೆಗೆ ದಂಡವನ್ನು ಒಯ್ಯುವ ಬಂಡವಾಳವೇ ಇರುವುದಿಲ್ಲ. ಮೇಲಾಗಿ, ರಭಸದ ಗಾಳಿಗಾಗಿ ಮಾಡಿದ ಅಗಲವಾದ ದಾರಿಗಳಲ್ಲಿ ಗಾಳಿ ನಿಧಾನವಾಗಿ ಬಂದಾಗ ಪೆಟ್ರೋಲು ಅದರೊಡನೆ ಸಮವಾಗಿ ಬೆರೆಯದು. ಸಮವಾಗಿ ಬೆರೆಯದುದು ಶುದ್ಧವಾಗಿ ಉರಿಯದು.

ಇದರ ಮೇಲೆ ಹೊಗೆಯ ಕಾನೂನು. ಹೊಗೆಯಲ್ಲಿರುವ ವಿಷಾನಿಲಗಳನ್ನು ನಿರಪಾಯಕರ ಮಾಡಲು ಕ್ರಿಯಾವರ್ಧಕಗಳ ಪೆಟ್ಟಿಗೆಯೊಂದನ್ನು ಎಲ್ಲ ಪೆಟ್ರೋಲ್ ಕಾರುಗಳಲ್ಲಿಯೂ ಇಡುತ್ತಾರೆ. ಅದು ತಣ್ಣಗಿರುವಾಗ ಕೆಲಸ ಮಾಡುವುದಿಲ್ಲ. ಸುಮಾರು 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಬೇಕು. ಆದುದರಿಂದ ಯಾವ ಗಾಡಿಯಾದರೂ ಹೆಚ್ಚು ಕೊಳಕು ಉಗುಳುವುದು ಹೊರಟ ಮೊದಲ ನಿಮಿಷದಲ್ಲಿ. ಎ.ಎಂ.ಜಿ. ಒನ್ ಇದಕ್ಕೆ ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು: ಗಾಡಿ ಯಾವಾಗಲೂ ವಿದ್ಯುತ್ತಿನಿಂದಲೇ ಹೊರಡುತ್ತದೆ. ಅದು ಸದ್ದಿಲ್ಲದೆ ಸಾಗುತ್ತಿರುವಾಗ ಬ್ಯಾಟರಿ ಆ ಪೆಟ್ಟಿಗೆಗಳನ್ನು ಕಾಯಿಸುತ್ತದೆ. ಅವು ಕಾದು ಸಿದ್ಧವಾದ ಮೇಲೆಯೇ ಎಂಜಿನ್ನಿಗೆ ಎಚ್ಚರವಾಗಲು ಅಪ್ಪಣೆ. ಪಂದ್ಯದಲ್ಲಿ ಅಬ್ಬರಿಸಿದ ಯಂತ್ರ, ಮನೆಯ ಬಾಗಿಲಿನಿಂದ ಹೊರಡುವಾಗ ಬೆಕ್ಕಿನಂತೆ ಹೆಜ್ಜೆಯಿಡಬೇಕು!

ಒಡೆತನವೆಂದರೇನು?

ಇಷ್ಟು ತಿಳಿದ ಮೇಲೆ ಗಾಡಿಯ ಒಡೆಯನ ಸ್ಥಿತಿಯನ್ನು ನೋಡೋಣ. ಎಂಜಿನ್ನನ್ನು ಸುಮಾರು 50,000 ಕಿಲೋಮೀಟರ್ ಓಡಿದ ಬಳಿಕ ಬಿಚ್ಚಿ ಹೊಸದಾಗಿ ಅಣಿಗೊಳಿಸಬೇಕೆಂದು ಮೊದಲಿಗೇ ಸೂಚಿಸಿದ್ದರು. ಮನೆಬಳಕೆಯ ಕಾರಿಗೆ ಇದು ಅಲ್ಪಾಯುಸ್ಸು. ಪಂದ್ಯದ ಎಂಜಿನ್ನಿಗೆ ಹೋಲಿಸಿದರೆ ದೀರ್ಘಾಯುಸ್ಸು. 2022ರ ನಿಯಮದಂತೆ ಒಬ್ಬ ಚಾಲಕನು ಇಡೀ ವರ್ಷದ 22 ಪಂದ್ಯಗಳನ್ನು ಮೂರು ಎಂಜಿನ್ನುಗಳಲ್ಲಿ ಮುಗಿಸಬೇಕಾಗಿತ್ತು, ಒಂದೊಂದು ಪಂದ್ಯ ಮುನ್ನೂರು ಚಿಲ್ಲರೆ ಕಿಲೋಮೀಟರ್. ಬಿಚ್ಚುವ ಕೆಲಸ ಒಡೆಯನಿಂದಾಗದು, ಬೀದಿಯ ಮೆಕ್ಯಾನಿಕ್ಕಿನಿಂದಲೂ ಆಗದು. ಗಂಟೆಗೆ 352 ಕಿಲೋಮೀಟರ್ ವೇಗವನ್ನು ಯಾವ ಊರಿನ ಬೀದಿಯಲ್ಲಿಯೂ ಪ್ರಯೋಗಿಸಲು ಬಾರದು.

ಹಾಗಾದರೆ ಅವನಿಗೆ ಸಿಕ್ಕುವುದೇನು? ಚರಿತ್ರೆಯ ಒಂದು ತುಣುಕು ಸಿಕ್ಕುತ್ತದೆ. ಟರ್ಬೊ ದಂಡದ ಮೇಲಿನ ಆ ಜಾಣ ಮೋಟಾರು ಬಹಳ ತೊಡಕಿನದು, ದುಬಾರಿಯದು. ಆದುದರಿಂದ ಫಾರ್ಮುಲಾ ಒನ್ ನಿಯಮಗಳು 2026ರಿಂದ ಅದನ್ನು ಕೈಬಿಟ್ಟವು. ಅದಕ್ಕೆ ಬದಲಾಗಿ ಎಂಜಿನ್ನಿನ ದಂಡಕ್ಕೆ ಕೂಡಿಸಿದ ಮೋಟಾರಿನ ಶಕ್ತಿಯನ್ನು 120 ಕಿಲೋವ್ಯಾಟಿನಿಂದ 350ಕ್ಕೆ ಏರಿಸಿದವು. ಪಂದ್ಯದ ಕಣ ಬಿಟ್ಟುಕೊಟ್ಟ ವಿದ್ಯೆ ಈ ಗಾಡಿಗಳ ಹೊಟ್ಟೆಯಲ್ಲಿ ಉಳಿದುಕೊಂಡಿದೆ.

ಆದರೆ ಅದು ದುಡ್ಡು ಕೊಟ್ಟವನ ಸೊತ್ತು ಮಾತ್ರವೇ? ಗಾಡಿಯನ್ನು ಬಟ್ಟೆ ಹೊದಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿದವನಿಗೆ ಅದು ಬರಿಯ ಬೆಲೆಬಾಳುವ ಲೋಹ. ಸುತ್ತುಗಳ ವರ್ಗದ ನಿಯಮವನ್ನೂ, ಹೊಗೆಯ ಉಷ್ಣದ ಲೆಕ್ಕವನ್ನೂ, ಬ್ರೇಕಿನ ಜಮಾಖರ್ಚನ್ನೂ ಬಲ್ಲವನಿಗೆ ಅದು ತೆರೆದ ಪುಸ್ತಕ. ನಮ್ಮೂರಿನಲ್ಲಿ ಓಡುವ ವಿದ್ಯುತ್ ಬಸ್ಸು ನಿಲ್ದಾಣ ಬಂದಾಗ ತನ್ನ ಚಲನಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದೂ ಅದೇ ನಿಯಮದಿಂದ. ಟಿಕೆಟು ಕೊಂಡ ಪ್ರಯಾಣಿಕನಿಗೆ ಆ ನಿಯಮ ಪುಕ್ಕಟೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಮರುವಾರ ಈ ಲೆಕ್ಕಗಳನ್ನೆಲ್ಲ ಹಲಗೆಯ ಮೇಲೆ ಮಾಡಿ ತೋರಿಸಿದೆವು. ಕೊನೆಯಲ್ಲಿ ಅವನು, “ಹಾಗಾದರೆ ಸಾರ್, ಅರ್ಧ ಗಾಡಿ ನನಗೂ ಸಿಕ್ಕಿತು” ಎಂದನು. ಅರ್ಧವೇಕೆ, ಮುಕ್ಕಾಲು ಎಂದರೂ ನಮ್ಮ ಆಕ್ಷೇಪಣೆಯಿಲ್ಲ.