ಎಲ್ಲರೂ ಮೊದಲಿಗರಾದ ಮೇಲೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೊರಟ ರೈಲುಗಾಡಿಯು ಕುಂದಗೋಳ, ಸಂಶಿಗಳನ್ನು ದಾಟಿ ಗುಡಗೇರಿಯ ನಿಲ್ದಾಣವನ್ನು ಮುಟ್ಟುತ್ತದೆ. ಸುತ್ತಲೂ ಎರೆಯ ಹೊಲಗಳು. ಹತ್ತಿ, ಮೆಣಸಿನಕಾಯಿ, ಜೋಳ, ಶೇಂಗಾ. ಈ ಸೀಮೆಯ ಒಕ್ಕಲಿಗನಿಗೆ ರೋಹಿಣಿ ಮಳೆಯ ಲೆಕ್ಕ ಎಷ್ಟು ಮುಖ್ಯವೋ, ಕಾಲೇಜು ಓದುವ ಮಗನೋ ಮಗಳೋ ಇದ್ದ ಮನೆಯಲ್ಲಿ ಅಂಕಗಳ ಲೆಕ್ಕವೂ ಅಷ್ಟೇ ಮುಖ್ಯವಾಗಿಬಿಟ್ಟಿದೆ. ಆದರೆ ಈಚಿನ ವರ್ಷಗಳಲ್ಲಿ ಆ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಬದಲಾಗಿದೆ. ‘ಎಷ್ಟು ಅಂಕ ಬಂತು?’ ಎಂಬುದರ ಸ್ಥಳದಲ್ಲಿ ಈಗ ‘ಎಷ್ಟನೆಯ ಸ್ಥಾನ ಬಂತು?’ ಎಂದು ಕೇಳುತ್ತಾರೆ. ನೂರಕ್ಕೆ ತೊಂಬತ್ತು ಬಂದರೂ ತಂದೆಯ ಮುಖ ಅರಳುವುದಿಲ್ಲ. ಹೀಗೇಕಾಯಿತು?

ಮುಂಬಯಿ ಪ್ರಾಂತದ ಕಾಲದಲ್ಲಿ ಈ ಭಾಗದ ಹಿರಿಯರು ಅಂಕಗಳಿಗೆ ‘ಗುಣ’ ಎನ್ನುತ್ತಿದ್ದರು. ಮಹಾರಾಷ್ಟ್ರದ ಕನ್ನಡ ಶಾಲೆಗಳಲ್ಲಿ ಇಂದಿಗೂ ಅದೇ ಮಾತು ರೂಢಿಯಲ್ಲಿದೆ. ಮರಾಠಿಯಿಂದ ಬಂದ ಬಳಕೆ ಇದಾದರೂ ಅದರಲ್ಲೊಂದು ಸೊಗಸಿದೆ: ಸಂಖ್ಯೆಯು ಹುಡುಗನ ಗುಣವನ್ನೇ ಅಳೆಯುತ್ತದೆಂಬ ನಂಬಿಗೆ! ಆಗ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಊರಿನಲ್ಲಿ ಮಾಸ್ತರಿಕೆಯ ಯೋಗ್ಯತೆ ಬರುತ್ತಿತ್ತು. ನೂರಕ್ಕೆ 60 ಬಂದರೆ ಪ್ರಥಮ ವರ್ಗ; ಅದು ಬಂದವನನ್ನು ನೆರೆಯ ಹಳ್ಳಿಯವರೂ ಹೆಸರು ಹಿಡಿದು ಗುರುತಿಸುತ್ತಿದ್ದರು. ಆ ಕಾಲದ ಪರೀಕ್ಷಕರೆಲ್ಲರೂ ನ್ಯಾಯಮೂರ್ತಿಗಳಾಗಿದ್ದರೆಂದು ನಾನು ಹೇಳಲಾರೆ. ಕೈ ಬಿಗಿಹಿಡಿದು ಅಂಕ ಕೊಡುವುದೇ ಪಾಂಡಿತ್ಯವೆಂದು ತಿಳಿದವರೂ ಅವರಲ್ಲಿದ್ದರು. ಆದರೆ ಅಂಕಗಳು ವಿರಳವಾಗಿದ್ದುದರಿಂದ ಒಬ್ಬನಿಗೂ ಇನ್ನೊಬ್ಬನಿಗೂ ಇರುವ ಅಂತರ ಕಣ್ಣಿಗೆ ಕಾಣುತ್ತಿತ್ತು.

ಸ್ಥಾನ ನಿರ್ಣಯದ ಗೀಳಿಗೂ ಧಾರವಾಡಕ್ಕೂ ಒಂದು ದೂರದ ನಂಟಿದೆ. ಕರ್ನಾಟಕ ವಿಶ್ವವಿದ್ಯಾಲಯವನ್ನು 1954ರಿಂದ 1967ರ ವರೆಗೆ ಉಪಕುಲಪತಿಗಳಾಗಿ ಬೆಳೆಸಿದ ಡಾ. ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನ ‘ರ‍್ಯಾಂಗ್ಲರ್’ ಆಗಿದ್ದರು. ಅಲ್ಲಿಯ ಗಣಿತ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದವರಿಗೆ ಈ ಹೆಸರು. ಒಂದು ಕಾಲಕ್ಕೆ ಇವರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿ ಹೆಸರು ಓದುತ್ತಿದ್ದರು. 1899ರಲ್ಲಿ ಆರ್. ಪಿ. ಪರಾಂಜಪೆಯವರು ಮೊದಲ ಸ್ಥಾನವನ್ನು ಪಡೆದ ಮೊದಲ ಭಾರತೀಯರೆನಿಸಿದಾಗ ದೇಶವೆಲ್ಲ ಹಿಗ್ಗಿತು. ಆದರೆ 1909ರ ತರುವಾಯ ಕೇಂಬ್ರಿಜ್ಜಿನವರು ಆ ಕ್ರಮವನ್ನು ಕೈಬಿಟ್ಟರು. ಸ್ಥಾನಕ್ಕಾಗಿ ಓದುವ ಹುಡುಗರು ಗಣಿತವನ್ನು ಬಿಟ್ಟು ಪರೀಕ್ಷೆಯನ್ನೇ ಕಲಿಯುತ್ತಾರೆಂಬುದು ಅವರಿಗೆ ಮನವರಿಕೆಯಾಗಿತ್ತು. ಪಾವಟೆಯವರು ಅಲ್ಲಿಗೆ ಹೋಗುವ ಹೊತ್ತಿಗೆ ಪ್ರಥಮ ವರ್ಗದವರ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಪ್ರಕಟಿಸುವ ಪದ್ಧತಿ ಬಂದಿತ್ತು. ಸ್ಥಾನ ಹೇಳದೆಯೂ ಯೋಗ್ಯತೆಯನ್ನು ಹೇಳಬಹುದೆಂದು ಅವರು ಕಂಡುಕೊಂಡಿದ್ದರು. ನಮಗೆ ಆ ಸೌಕರ್ಯವಿಲ್ಲ. ಏಕೆಂದರೆ ನಮ್ಮಲ್ಲಿ ಸೀಟುಗಳು ಎಣಿಕೆಯವು, ಬೇಡುವವರು ಲಕ್ಷಗಟ್ಟಲೆ.

ಈ ಕಥೆಯ ನಿಜವಾದ ಗಂಟು ಬಿದ್ದದ್ದು 2021ರಲ್ಲಿ. ಆ ವರ್ಷ ಕೊರೋನಾ ಪಿಡುಗಿನಿಂದಾಗಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಹತ್ತನೆಯ ಇಯತ್ತೆಯ ಅಂಕಗಳಿಗೆ ನೂರಕ್ಕೆ 45, ಪ್ರಥಮ ಪಿಯುಸಿ ಅಂಕಗಳಿಗೆ 45, ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ 10 ಎಂದು ತೂಕ ಹಂಚಿ ಫಲಿತಾಂಶವನ್ನು ಸಿದ್ಧಪಡಿಸಿದರು. ಆರೂವರೆ ಲಕ್ಷಕ್ಕೂ ಮಿಕ್ಕಿದ ಹೊಸ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅನುತ್ತೀರ್ಣರಾಗಲಿಲ್ಲ. ಅಷ್ಟೇ ಅಲ್ಲ, 600ಕ್ಕೆ 600 ಪಡೆದವರ ಸಂಖ್ಯೆ 2,239! ಹಿಂದಿನ ವರ್ಷ, ಅಂದರೆ 2020ರಲ್ಲಿ, ವಿಜ್ಞಾನ ವಿಭಾಗದ ಅತ್ಯುನ್ನತ ಅಂಕ 596 ಆಗಿತ್ತು. ತೇರ್ಗಡೆಯ ಪ್ರಮಾಣ ನೂರಕ್ಕೆ 62ನ್ನು ಮುಟ್ಟಿರಲಿಲ್ಲ. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಹೀಗೆ ಬೆಳೆಯಿತೆಂದು ಯಾರೂ ನಂಬಲಿಲ್ಲ. ಹಾಗೆಂದು ಮಕ್ಕಳನ್ನು ಹಳಿಯುವಂತೆಯೂ ಇರಲಿಲ್ಲ. ಪರೀಕ್ಷೆ ಬೇಡವೆಂದವರು ಅವರಲ್ಲ.

ಆ ವರ್ಷ ಸರಕಾರವು ಎಂಜಿನಿಯರಿಂಗ್ ಪ್ರವೇಶಕ್ಕೆ ಪಿಯುಸಿ ಅಂಕಗಳನ್ನು ಹಿಡಿಯದೆ, ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿಇಟಿಯ, ಅಂಕಗಳಿಂದಲೇ ಸ್ಥಾನ ನಿರ್ಣಯಿಸಿತು. ಎಲ್ಲರಿಗೂ ಒಂದೇ ತಕ್ಕಡಿಯಾದ್ದರಿಂದ ಗೊಂದಲವಾಗಲಿಲ್ಲ. ಗೊಂದಲವಾದದ್ದು ಮರುವರ್ಷ. 2022ರಲ್ಲಿ ಪಿಯುಸಿ ಪರೀಕ್ಷೆ ಮತ್ತೆ ನಡೆಯಿತು. ತೇರ್ಗಡೆಯು ಮರಳಿ ನೂರಕ್ಕೆ 61.88ಕ್ಕೆ ಇಳಿಯಿತು, ಸಿಇಟಿಗೆ ಅರ್ಧ, ಪಿಯುಸಿಗೆ ಅರ್ಧ ಎಂಬ ಹಳೆಯ ನಿಯಮವೂ ಮರಳಿತು. ಆದರೆ ಆ ಸಲದ ಸಿಇಟಿಗೆ ಹೊಸಬರೊಡನೆ, 2021ರಲ್ಲಿ ಪಿಯುಸಿ ಮುಗಿಸಿ ಎರಡನೆಯ ಸಲ ಅದೃಷ್ಟ ನೋಡಲು ಬಂದವರೂ ಸುಮಾರು 24 ಸಾವಿರ ಮಂದಿ ಇದ್ದರು. ಇವರ ಕೈಯಲ್ಲಿದ್ದದ್ದು ಪರೀಕ್ಷೆ ಬರೆಯದೆ ಬಂದ ಅಂಕಪಟ್ಟಿ. ಅದನ್ನು ಹಿಡಿಯುವುದೋ ಬಿಡುವುದೋ?

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಬಿಟ್ಟುಬಿಟ್ಟಿತು. ಜುಲೈ 30ರಂದು ಪ್ರಕಟವಾದ ಪಟ್ಟಿಯಲ್ಲಿ ಹಳಬರಿಗೆ ಸಿಇಟಿ ಅಂಕಗಳಷ್ಟೇ ಆಧಾರವಾದವು. ಇದರ ಪರಿಣಾಮವನ್ನು ವಾಚಕರು ಒಂದು ಉದಾಹರಣೆಯಿಂದ ತಿಳಿಯಬಹುದು. ಗುಡಗೇರಿಯ ಇಬ್ಬರು ಗೆಳೆಯರನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಹೊಸಬ, ಒಬ್ಬ ಹಳಬ. ಇಬ್ಬರಿಗೂ ಸಿಇಟಿಯಲ್ಲಿ 180ಕ್ಕೆ 90, ಅಂದರೆ ನೂರಕ್ಕೆ 50. ಇಬ್ಬರಿಗೂ ಪಿಯುಸಿಯ ಭೌತ, ರಸಾಯನ, ಗಣಿತಗಳಲ್ಲಿ 300ಕ್ಕೆ 270, ಅಂದರೆ ನೂರಕ್ಕೆ 90. ಹೊಸಬನಿಗೆ 25 ಮತ್ತು 45 ಕೂಡಿ 70 ಆಯಿತು. ಹಳಬ 50ರಲ್ಲಿಯೇ ನಿಂತ. ಸಿಇಟಿಯು ಪಿಯುಸಿಗಿಂತ ಕಠಿಣವಾದ್ದರಿಂದ ಅದರ ಅಂಕ ಯಾವಾಗಲೂ ಕಡಿಮೆ. ಆ ಕಡಿಮೆಯನ್ನೇ ಹಳಬನ ಪೂರ್ಣ ಯೋಗ್ಯತೆಯೆಂದು ಬಗೆದದ್ದರಿಂದ ಅವನು ಪಾತಾಳ ಕಂಡ. ಅಂಕಪಟ್ಟಿಯ ಉಬ್ಬರವನ್ನು ಇಳಿಸಲು ಹೋಗಿ ಹುಡುಗನನ್ನೇ ಇಳಿಸಿದಂತಾಯಿತು.

ವಿದ್ಯಾರ್ಥಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠವು ಪ್ರಾಧಿಕಾರದ ನಿರ್ಣಯವನ್ನು ರದ್ದುಗೊಳಿಸಿ, ಹಳಬರಿಗೂ ಅರ್ಧ-ಅರ್ಧ ನಿಯಮವನ್ನೇ ಅನ್ವಯಿಸಬೇಕೆಂದಿತು. ಹಾಗಾದರೆ ಪರೀಕ್ಷೆ ಬರೆದು ಕಷ್ಟಪಟ್ಟ ಹೊಸಬರ ಗತಿಯೇನು? ಸರಕಾರ ಮೇಲ್ಮನವಿ ಸಲ್ಲಿಸಿತು. ತಜ್ಞರ ಸಮಿತಿಯೊಂದು ಕುಳಿತು ನಡುದಾರಿ ಹುಡುಕಿತು: ಹಳಬರ ಅಂಕಗಳಲ್ಲಿ ಭೌತಶಾಸ್ತ್ರಕ್ಕೆ 6, ರಸಾಯನಕ್ಕೆ 5, ಗಣಿತಕ್ಕೆ 7, ಸರಾಸರಿ ವಿಷಯಕ್ಕೆ ಆರರಂತೆ ಕಳೆದು ಉಳಿದದ್ದನ್ನು ಹಿಡಿಯುವುದು. ಸೆಪ್ಟೆಂಬರ್ ಕೊನೆಗೆ ವಿಭಾಗೀಯ ಪೀಠ ಇದನ್ನು ಒಪ್ಪಿತು. ಅಕ್ಟೋಬರ್ ಮೊದಲಲ್ಲಿ ಹೊಸ ಪಟ್ಟಿ ಬಂತು. ಆ ಹೊತ್ತಿಗೆ ಮುಂಗಾರಿ ಪೀಕು ಕಟಾವಿಗೆ ಬಂದಿತ್ತು. ಹುಡುಗರಿನ್ನೂ ಯಾವ ಕಾಲೇಜೆಂದು ಅರಿಯರು.

ಈ ಆರು ಅಂಕಗಳ ಲೆಕ್ಕ ಮೇಲುನೋಟಕ್ಕೆ ಸಣ್ಣದು. 300ರಲ್ಲಿ 18 ಹೋದರೆ, ಒಟ್ಟು ನೂರರಲ್ಲಿ ಕೇವಲ 3 ಹೋದಂತೆ. ಆದರೆ ಆ ವರ್ಷ ಎಂಜಿನಿಯರಿಂಗ್ ಸ್ಥಾನ ಪಡೆದವರು 1 ಲಕ್ಷ 70 ಸಾವಿರಕ್ಕೂ ಹೆಚ್ಚು. ಅವರೆಲ್ಲರನ್ನು ನೂರು ಮೆಟ್ಟಿಲಿನ ಮೇಲೆ ಸಮನಾಗಿ ನಿಲ್ಲಿಸಿದರೂ ಮೆಟ್ಟಿಲಿಗೆ 1,700 ಮಂದಿ. ಮೂರು ಮೆಟ್ಟಿಲಿಗೆ ಐದು ಸಾವಿರ. ನಿಜದಲ್ಲಿ ನಡುವಣ ಮೆಟ್ಟಿಲುಗಳಲ್ಲಿ ಜಾತ್ರೆಯ ನೂಕುನುಗ್ಗಲು. ಮೂರು ಅಂಕಗಳ ಬೆಲೆ ಅಲ್ಲಿ ಇನ್ನೂ ಹೆಚ್ಚು.

ಸರಾಸರಿಯನ್ನು ಕಳೆಯುವುದು ಸಮುದಾಯಕ್ಕೆ ನ್ಯಾಯವೆನಿಸಬಹುದು, ವ್ಯಕ್ತಿಗೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಬರೆದಿದ್ದರೂ 95 ಪಡೆಯಬಲ್ಲ ಹುಡುಗಿಯೊಬ್ಬಳಿದ್ದರೆ ಅವಳಿಂದಲೂ ಆರು ಕಿತ್ತುಕೊಂಡರು. ಬರೆದಿದ್ದರೆ 60 ದಾಟದೆ ಇದ್ದವನಿಗೆ 90 ಬಂದಿದ್ದರೆ ಅವನಿಂದಲೂ ಆರೇ! ಮೊದಲನೆಯವಳು ಕಳಕೊಂಡಳು, ಎರಡನೆಯವನು ಗೆದ್ದ. ಆದರೂ ಆ ದಿನ ನ್ಯಾಯಪೀಠದ ಮುಂದೆ ಇದಕ್ಕಿಂತ ಮೇಲಾದ ದಾರಿಯಿತ್ತೆಂದು ನನಗೆ ತೋರುವುದಿಲ್ಲ. ಇನ್ನೊಂದು ದಾರಿಯೆಂದರೆ, ಒಬ್ಬೊಬ್ಬರೂ ತಮ್ಮ ತಮ್ಮ ವರ್ಷದವರಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದಾರೆಂದು ನೋಡುವುದು. ಇದಕ್ಕೆ ಪರ್ಸೆಂಟೈಲ್ ಎನ್ನುತ್ತಾರೆ. ಅಂಕಗಳು ಎಷ್ಟೇ ಉಬ್ಬಲಿ, ಸರತಿ ಬದಲಾಗದು. ಆದರೆ 2,239 ಮಂದಿ ಒಂದೇ ಗೆರೆಯ ಮೇಲೆ ನಿಂತಾಗ ಅವರಲ್ಲಿ ಸರತಿಯಾದರೂ ಎಲ್ಲಿಂದ ಬರಬೇಕು?

ಕೇಂದ್ರದಲ್ಲಿಯೂ ಇಂಥ ಪ್ರಯೋಗ ನಡೆದಿತ್ತು. 2013ರಿಂದ ಜೆಇಇ ಮುಖ್ಯ ಪರೀಕ್ಷೆಯ ಸ್ಥಾನಕ್ಕೆ ಹನ್ನೆರಡನೆಯ ಇಯತ್ತೆಯ ಅಂಕಗಳನ್ನು ನೂರಕ್ಕೆ 40ರ ತೂಕದಲ್ಲಿ, ಬೇರೆ ಬೇರೆ ಮಂಡಳಿಗಳ ಅಂಕಗಳನ್ನು ಸರಿದೂಗಿಸಿ ಸೇರಿಸುತ್ತಿದ್ದರು. 2017ರಿಂದ ಅದನ್ನು ಬಿಟ್ಟುಕೊಟ್ಟರು. ನೆರೆಯ ಕೇರಳದಲ್ಲಿ 2025ರಲ್ಲಿ ಸರಿದೂಗಿಸುವ ಸೂತ್ರವನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿದ್ದರಿಂದ ಅಲ್ಲಿಯ ಉಚ್ಚ ನ್ಯಾಯಾಲಯವು ಪಟ್ಟಿಯನ್ನೇ ರದ್ದುಪಡಿಸಿತು. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಆ ಬಿಸಿಯನ್ನು ಉಂಡರು.

ಇಲ್ಲಿ ಬಹುಜನರು ಗಮನಿಸದ ಸೂಕ್ಷ್ಮವೊಂದಿದೆ. ಎರಡು ಪರೀಕ್ಷೆಗಳಿಗೆ ಅರ್ಧ-ಅರ್ಧ ತೂಕವೆಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಎರಡರ ಪ್ರಭಾವವೂ ಸಮನಾಗುವುದಿಲ್ಲ. ಒಂದರಲ್ಲಿ ಎಲ್ಲರೂ 90ರಿಂದ 99ರ ಒಳಗೆ ನಿಂತು, ಇನ್ನೊಂದರಲ್ಲಿ 20ರಿಂದ 90ರ ವರೆಗೆ ಹರಡಿಕೊಂಡರೆ, ಸ್ಥಾನವನ್ನು ನಿರ್ಣಯಿಸುವುದು ಎರಡನೆಯದೇ. ಪಿಯುಸಿ ಅಂಕಗಳು ಏರಿದಷ್ಟೂ ಅವುಗಳ ಬಲ ಕುಗ್ಗುತ್ತದೆ. ಬ್ಯಾಡಗಿಯ ಪೇಟೆಯಲ್ಲಿ ಪ್ರತಿ ರಾಶಿಗೂ ‘ಒಂದನೇ ನಂಬರು’ ಎಂಬ ಚೀಟಿ ಅಂಟಿಸಿದರೆ ವ್ಯಾಪಾರಿಯು ಚೀಟಿಯನ್ನು ಓದದೆ ಕಾಯಿ ಮುರಿದು ಬಣ್ಣ ನೋಡುತ್ತಾನೆ. ಪ್ರವೇಶ ಪರೀಕ್ಷೆಯೆಂದರೆ ಹಾಗೆ ಕಾಯಿ ಮುರಿದು ನೋಡುವ ಕೆಲಸ. ಇದರಿಂದ ಯಾರಿಗೆ ಲಾಭ? ಹುಬ್ಬಳ್ಳಿ-ಧಾರವಾಡಗಳಲ್ಲಿ ಕೋಣೆ ಹಿಡಿದು, ಸಾವಿರಗಟ್ಟಲೆ ಹಣ ತೆತ್ತು ಕೋಚಿಂಗ್ ಪಡೆಯಬಲ್ಲವರಿಗೆ. ಎರಡು ವರ್ಷ ನಿಷ್ಠೆಯಿಂದ ಕಾಲೇಜಿಗೆ ಹೋಗಿ ಮಾಸ್ತರು ಹೇಳಿದ್ದನ್ನು ಓದಿದ ಹಳ್ಳಿಯ ಹುಡುಗಿಗೆ ಪಿಯುಸಿ ಅಂಕಗಳೇ ಆಸರೆ. ಅವನ್ನು ಅಗ್ಗ ಮಾಡಿ ಹಂಚಿದವರು ಅವಳಿಗೆ ಉಪಕಾರ ಮಾಡುತ್ತಿದ್ದೇವೆಂದು ತಿಳಿದಿದ್ದರೆ ಅದು ಭ್ರಮೆ.

ಸರಕಾರವು ಹಳ್ಳಿಯವರಿಗೆ ಬೇರೆ ಊರುಗೋಲುಗಳನ್ನು ಕೊಟ್ಟಿಲ್ಲವೆಂದಲ್ಲ. ಒಂದರಿಂದ ಹತ್ತನೆಯ ಇಯತ್ತೆಯ ವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಮೀಸಲಾತಿಯಿದೆ. ಕೃಷಿ ಪದವಿಗೆ ಒಕ್ಕಲು ಮಕ್ಕಳ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಸಸಿ, ಒಕ್ಕಲುತನದ ಸಲಕರಣೆ ಗುರುತಿಸುವ ಆ ಪರೀಕ್ಷೆಗೆ ಗುಡಗೇರಿಯ ಹುಡುಗ ಹೊಲದಲ್ಲಿಯೇ ತಯಾರಾಗಿ ಹೋಗುತ್ತಾನೆ. ಎಲ್ಲ ಪರೀಕ್ಷೆಗಳೂ ಹೀಗಿದ್ದರೆ!

ಪದವಿ ಕಾಲೇಜುಗಳ ಸ್ಥಿತಿಯೂ ಬೇರೆಯಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ನಮ್ಮ ರಾಜ್ಯದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 40 ಅಂಕಗಳನ್ನಿಟ್ಟರು. ದಿನಾಲೂ ಎದುರಿಗೆ ಕೂಡುವ ಹುಡುಗನಿಗೆ ನಲವತ್ತರಲ್ಲಿ ಹದಿನೆಂಟು ಕೊಡುವ ಎದೆಗಾರಿಕೆ ಯಾವ ಉಪನ್ಯಾಸಕನಿಗಿದೆ? ಇದು ನಮ್ಮದೊಂದೇ ರೋಗವಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ಕೊಡುವ ಗ್ರೇಡುಗಳಲ್ಲಿ ನೂರಕ್ಕೆ ಅರವತ್ತರಷ್ಟು ‘ಎ’ ಆಗಿವೆಯೆಂದೂ ಇಪ್ಪತ್ತು ವರ್ಷಗಳ ಹಿಂದೆ ಅವು ಕಾಲುಭಾಗವಿದ್ದುವೆಂದೂ ಆ ವಿಶ್ವವಿದ್ಯಾಲಯವೇ 2025ರಲ್ಲಿ ಹೇಳಿಕೊಂಡಿತು. ಪ್ರಿನ್ಸ್‌ಟನ್ನಿನವರು 2004ರಲ್ಲಿ ‘ಎ’ಗಳಿಗೆ ನೂರಕ್ಕೆ 35ರ ಮಿತಿ ಹಾಕಿ ನೋಡಿದರು. ಬೇರೆಡೆಯ ವಿದ್ಯಾರ್ಥಿಗಳು ಕೈತುಂಬ ‘ಎ’ ಹೊತ್ತು ಬರುವಾಗ ತಾವೇಕೆ ಬಡವಾಗಬೇಕೆಂದು ಹುಡುಗರು ಗೊಣಗಿದರು. 2014ರಲ್ಲಿ ಮಿತಿ ಹೋಯಿತು. ಒಬ್ಬನೇ ಬಿಗಿಹಿಡಿದರೆ ಅವನ ಶಿಷ್ಯರೇ ಸೋಲುತ್ತಾರೆ.

ನನಗೆ ಮೆಚ್ಚಿಕೆಯಾದದ್ದು ಡಾರ್ಟ್‌ಮತ್ ಕಾಲೇಜಿನ ಉಪಾಯ. 1994ರಿಂದ ಅಲ್ಲಿಯವರು ಅಂಕಪಟ್ಟಿಯಲ್ಲಿ ವಿದ್ಯಾರ್ಥಿಯ ಗ್ರೇಡಿನ ಪಕ್ಕದಲ್ಲಿಯೇ ಆ ವರ್ಗದಲ್ಲಿ ಎಷ್ಟು ಮಂದಿ ಇದ್ದರು, ಅವರಲ್ಲಿ ನಡುವಣವನಿಗೆ ಬಂದ ಗ್ರೇಡು ಯಾವುದು ಎಂಬುದನ್ನೂ ಮುದ್ರಿಸತೊಡಗಿದರು. ಯಾರ ಅಂಕವನ್ನೂ ಕಳೆಯಬೇಕಾಗಿಲ್ಲ, ಯಾರಿಗೂ ಮಿತಿ ಹಾಕಬೇಕಾಗಿಲ್ಲ. ನಮ್ಮ ಮಂಡಳಿಯ ಅಂಕಪಟ್ಟಿಯಲ್ಲಿ ಇಂಥ ಇನ್ನೊಂದು ಕಾಲಮ್ಮಿಗೆ ಸ್ಥಳ ಸಾಕಷ್ಟಿದೆ. ಲೆಕ್ಕವೆಲ್ಲ ಗಣಕಯಂತ್ರದಲ್ಲಿಯೇ ಕುಳಿತಿದೆ. 2021ರ ಪಟ್ಟಿಯಲ್ಲಿ 600ಕ್ಕೆ 600 ಎಂಬುದರ ಪಕ್ಕದಲ್ಲಿ 2,239 ಎಂದು ಅಚ್ಚಾಗಿದ್ದರೆ, ಮರುವರ್ಷದ ಪ್ರವೇಶಕ್ಕೆ ಕುಳಿತ ಅಧಿಕಾರಿಗೂ ಗುಡಗೇರಿಯ ಹುಡುಗನ ತಂದೆಗೂ ಆ ಕಾಗದವನ್ನು ಓದುವ ಬಗೆ ಒಂದೇ ಆಗಿರುತ್ತಿತ್ತು.