ಮರಿ ತಂದದ್ದೇನೋ ಸರಿ, ಇಂಜೆಕ್ಷನ್ ಹಾಕಿಸಿದ್ರಾ?

ಕಿರಾಣಿ ಅಂಗಡಿ ಮುಂದೆ ಬಿಸ್ಕತ್ತಿನ ರಟ್ಟಿನ ಡಬ್ಬ. ಅದರೊಳಗೆ ಹಳೇ ಗೋಣಿಚೀಲ. ಚೀಲದ ಮೇಲೆ ಪಿಳಿಪಿಳಿ ಕಣ್ಣು ಬಿಡುವ ನಾಯಿಮರಿ. ಸಾಮಾನು ಕಟ್ಟಿಸಲು ಬಂದವರು, ಬಸ್ಸಿಗೆ ಕಾದು ನಿಂತವರು, ಎಲ್ಲರೂ ಒಮ್ಮೆ ಬಗ್ಗಿ ತಲೆ ಸವರಿಯೇ ಹೋಗುವುದು.

‘ಎಲ್ಲಿಂದ ತಂದ್ರಿ ಸಾವ್ಕಾರ್ರೇ?’

‘ಹಳ್ಳಿಯಿಂದ ಭಾವಮೈದ ತಂದುಕೊಟ್ಟ. ರಾತ್ರಿ ಅಂಗಡಿ ಕಾವಲಿಗೆ ಆಗುತ್ತೆ ಬಿಡಿ.’

‘ಇಂಜೆಕ್ಷನ್ ಹಾಕಿಸಿದ್ರಾ?’

ಈ ಪ್ರಶ್ನೆಗೆ ಮಾತ್ರ ಸಾಹುಕಾರರು ತಕ್ಕಡಿ ಕಡೆ ತಿರುಗುತ್ತಾರೆ. ‘ಮನೇಲಿ ಸಾಕೋ ನಾಯಿಗೆ ಯಾಕ್ರೀ ಅದೆಲ್ಲ?’

ಇಂಥ ರಟ್ಟಿನ ಡಬ್ಬ ಊರೂರಿನ ಪೇಟೆಯಲ್ಲೂ ಸಿಗುತ್ತದೆ. ಮೊದಲ ಸಲ ನಾಯಿ ಸಾಕುವವರು ಟಾಮಿ ಎನ್ನಬೇಕೋ ರಾಜ ಎನ್ನಬೇಕೋ ಎಂದು ನಾಲ್ಕು ದಿನ ತಲೆ ಕೆಡಿಸಿಕೊಳ್ಳುತ್ತಾರೆ. ಮರಿಗೆ ಎಷ್ಟು ವಾರ ಆಯಿತು ಎಂದು ಕೇಳುವುದೇ ಇಲ್ಲ. ಆದರೆ ನಾಯಿಯ ಲೆಕ್ಕವೆಲ್ಲ ಶುರುವಾಗುವುದು ಅಲ್ಲಿಂದಲೇ.

ಎಂಟು ವಾರ ತಾಯಿ ಮಗ್ಗುಲಲ್ಲಿ

ಮರಿ ಎಂಟು ವಾರವಾದರೂ ತಾಯಿಯ ಹತ್ತಿರ ಇರಬೇಕು. ಒಡಹುಟ್ಟಿದ ಮರಿಗಳ ಜೊತೆ ಕಿತ್ತಾಡುವಾಗಲೇ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು. ಒಂದೇ ತಿಂಗಳಿಗೆ ಎತ್ತಿಕೊಂಡು ಬಂದರೆ ಆ ಪಾಠ ತಪ್ಪುತ್ತದೆ. ಆಮೇಲೆ ‘ನಮ್ಮ ನಾಯಿ ಕಂಡಕಂಡವರಿಗೆ ಬಾಯಿ ಹಾಕುತ್ತೆ’ ಎಂದು ಗೋಳಾಡಿ ಪ್ರಯೋಜನವಿಲ್ಲ.

ತಾರೀಖು ತಪ್ಪಬಾರದು

ಆರರಿಂದ ಎಂಟು ವಾರದೊಳಗೆ ಮೊದಲ ಇಂಜೆಕ್ಷನ್. ಇದು ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳಿಗೆ. ಮರಿಗೆ ಹದಿನಾರು ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಇದನ್ನು ಮತ್ತೆ ಹಾಕಿಸಬೇಕು. ಪಾರ್ವೊ ಬಂದ ಮರಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ರಕ್ತ ಬೆರೆತ ಭೇದಿ ಹತ್ತುತ್ತದೆ. ‘ನಾಳೆ ನೋಡೋಣ’ ಎಂದರೆ ಎರಡು ಮೂರು ದಿನದಲ್ಲಿ ಡಬ್ಬ ಖಾಲಿ. ಈ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ಇಂಜೆಕ್ಷನ್ ಪೂರಾ ಆಗುವ ತನಕ ಮರಿಯನ್ನು ಬೀದಿನಾಯಿ ಓಡಾಡುವ ಜಾಗದಲ್ಲಿ ಬಿಡಬಾರದು.

ಮೂರು ತಿಂಗಳು ತುಂಬಿದಾಗ ರೇಬಿಸ್, ಅಂದರೆ ಹುಚ್ಚುನಾಯಿ ರೋಗದ ಇಂಜೆಕ್ಷನ್. ಮುಂದಿನದು ಪಶುವೈದ್ಯರು ಬರೆದುಕೊಟ್ಟ ತಾರೀಖಿಗೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಅವರು ಕೊಡುವ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

ಜಂತುಹುಳಕ್ಕೂ ಔಷಧಿ ಬೇಕು. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಎಷ್ಟು ಕೊಡಬೇಕೆಂಬುದು ಮರಿಯ ತೂಕದ ಮೇಲೆ. ಅಂದಾಜಿನಲ್ಲಿ ಕುಡಿಸುವಂತಿಲ್ಲ.

ಮಿಕ್ಕಿದ್ದೆಲ್ಲ ನಾಯಿಗಲ್ಲ

ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ. ಆರು ತಿಂಗಳ ಹೊತ್ತಿಗೆ ಎರಡು ಸಲ ಸಾಕು. ಬರೀ ಮೊಸರನ್ನದಲ್ಲಿ ಮರಿ ಗಟ್ಟಿಯಾಗುವುದಿಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ ಸೇರಬೇಕು. ಹಸುವಿನ ಹಾಲು ಕೆಲವು ಮರಿಗಳಿಗೆ ಒಗ್ಗದೆ ಭೇದಿಯಾಗುತ್ತದೆ.

ಅಂಗಡಿಯವರು ಇನ್ನೊಂದು ಗಮನಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಹೋಟೆಲಿನ ಮಿಕ್ಕ ಬಿರಿಯಾನಿಯಲ್ಲಿ ಈರುಳ್ಳಿಯೂ ಉಂಟು, ಬೆಂದ ಕೋಳಿಮೂಳೆಯೂ ಉಂಟು. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಜ್ವರ ಬಂತೆಂದು ಮನುಷ್ಯರ ಮಾತ್ರೆ ನುಂಗಿಸಿ ನಾಯಿ ಕಳೆದುಕೊಂಡವರೂ ಇದ್ದಾರೆ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಮಟಮಟ ಮಧ್ಯಾಹ್ನ ಕಾದ ಷಟರ್ ಪಕ್ಕ ಸರಪಳಿ ಹಾಕಿ ಕಟ್ಟಿದರೆ ಅದರ ಪಾಡೇನು? ನೆರಳಿರಲಿ, ಪಕ್ಕದಲ್ಲಿ ಒಂದು ಬೋಗುಣಿ ನೀರಿರಲಿ. ಸಂಜೆ ಬಾಗಿಲು ಹಾಕುವ ಮುಂಚೆ ಕಿವಿ ಸಂದು, ಬೆರಳ ಸಂದಿನಲ್ಲಿ ಉಣ್ಣೆ ಇದೆಯೇ ನೋಡಿ. ಉಣ್ಣೆಯಿಂದಲೂ ಪ್ರಾಣಕ್ಕೆ ಕುತ್ತಾಗುವ ಜ್ವರ ಬರುತ್ತದೆ.

‘ಮರಿ ತಾನೇ, ಬರೀ ಹಲ್ಲು ತಾಗಿದ್ದು’

ಭಯಪಡಬೇಕಾದದ್ದು ಈ ಮಾತಿಗೆ. ಮಗು ಮರಿಯ ಜೊತೆ ಆಡುತ್ತದೆ, ಹಲ್ಲು ತಾಗುತ್ತದೆ. ಬೈತಾರೆ ಅಂತ ಮಗು ಮುಚ್ಚಿಡುತ್ತದೆ. ಗೊತ್ತಾದ ಮೇಲೂ ದೊಡ್ಡವರು ‘ಮನೆ ಮರಿ ತಾನೇ’ ಎಂದು ಸುಮ್ಮನಾಗುತ್ತಾರೆ. ಆದರೆ ಇಂಜೆಕ್ಷನ್ ಆಗದ ಮರಿಯನ್ನು ಯಾವ ಬೀದಿನಾಯಿ ಯಾವಾಗ ಕಚ್ಚಿತ್ತೋ ಬಲ್ಲವರಾರು? ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆಯೇ ಇಂಜೆಕ್ಷನ್ ತೆಗೆದುಕೊಂಡರೆ ತಡೆಯಬಹುದು.

ಹಲ್ಲು ತಾಗಿದ ಕೂಡಲೇ ಗಾಯವನ್ನು ನಲ್ಲಿ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ ಪೂರಾ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’ ಎಂದು ಹಿರಿಯರು ಈಗಲೂ ಹೆದರಿಸುತ್ತಾರೆ. ಆ ಹಳೆಯ ಲಸಿಕೆ 2005ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ, ಒಂದು ತಿಂಗಳೊಳಗೆ ನಾಲ್ಕೈದು ಭೇಟಿ, ಅಷ್ಟೇ. ಗಾಯ ಹೆಚ್ಚಿದ್ದರೆ ಗಾಯದ ಜಾಗಕ್ಕೇ ಇನ್ನೊಂದು ಔಷಧಿ ಕೊಡುತ್ತಾರೆ. ಒಂದು ಸಲ ಹಾಕಿಸಿ ಉಳಿದದ್ದು ಬಿಟ್ಟರೆ ಮಾತ್ರ ಅಪಾಯ ತಪ್ಪಿದ್ದಲ್ಲ.

ಹನ್ನೆರಡು ವರ್ಷದ ಖಾತೆ

ಸಾಕಿದ ನಾಯಿಗೆ ಲಸಿಕೆ, ಜಂತುಹುಳದ ಔಷಧಿ, ಸಂತಾನಹರಣ ಚಿಕಿತ್ಸೆ ಇವೆಲ್ಲ ಸಾಕಿದವರದೇ ಹೊಣೆ ಎಂದು ಕೇಂದ್ರ ಸರ್ಕಾರದ 2023ರ ನಿಯಮವೇ ಹೇಳುತ್ತದೆ. ನಿಯಮ ಪಕ್ಕಕ್ಕಿರಲಿ. ನಾಯಿಯ ಆಯಸ್ಸು ಹತ್ತು ಹನ್ನೆರಡು ವರ್ಷ. ಮರಿ ತರುವುದೆಂದರೆ ಅಷ್ಟು ವರ್ಷದ ಖಾತೆ ತೆರೆದ ಹಾಗೆ. ಮುದ್ದು ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದರೆ ಆ ಸಾಲ ಊರಿನ ತಲೆಗೆ.

ಅಂಗಡಿ ಗೋಡೆಯ ಕ್ಯಾಲೆಂಡರಿನಲ್ಲಿ ಚೀಟಿ ಕಟ್ಟುವ ದಿನ, ಕರೆಂಟ್ ಬಿಲ್ಲಿನ ದಿನ ಗುರುತು ಹಾಕಿರುತ್ತೀರಿ. ಪಕ್ಕದಲ್ಲೇ ಮರಿಗೆ ಮೂರು ತಿಂಗಳು ತುಂಬುವ ದಿನಕ್ಕೂ ಒಂದು ಸುತ್ತು ಹಾಕಿಡಿ. ಅಂದು ಬೆಳಿಗ್ಗೆ ಅಂಗಡಿ ಬಾಗಿಲು ಒಂದು ಗಂಟೆ ತಡವಾಗಿ ತೆಗೆದರೂ ಪರವಾಗಿಲ್ಲ, ಗಿರಾಕಿ ಕಾಯುತ್ತಾರೆ.